ದನೂತಾ ವಲೇಸಾ: ಒಬ್ಬ ಅಧ್ಯಕ್ಷರ ಪತ್ನಿಯ ಮೌನ ಮತ್ತು ಮಾತು

1983ನೆಯ ಇಸವಿ, ಡಿಸೆಂಬರ್ 10. ನಾರ್ವೆಯ ರಾಜಧಾನಿ ಓಸ್ಲೋದ ವಿಶ್ವವಿದ್ಯಾಲಯದ ಸಭಾಭವನದಲ್ಲಿ ಐದನೆಯ ಒಲಾವ್ ದೊರೆಯ ಸಮ್ಮುಖದಲ್ಲಿ ಆ ವರ್ಷದ ನೊಬೆಲ್ ಶಾಂತಿ ಪಾರಿತೋಷಕದ ಪ್ರದಾನ ಸಮಾರಂಭ. ಪಾರಿತೋಷಕ ಸಂದಿದ್ದು ಪೋಲೆಂಡಿನ ಕಾರ್ಮಿಕ ನಾಯಕ ಲೇಖ್ ವಲೇಸಾ ಅವರಿಗೆ. ಆದರೆ ವೇದಿಕೆಯ ಮೇಲೆ ಬಂದವರು ಅವರಲ್ಲ. ಮೂವತ್ತನಾಲ್ಕು ವರ್ಷದ ಒಬ್ಬ ಗೃಹಿಣಿ, ಏಳು ಮಕ್ಕಳ ತಾಯಿ, ಹದಿಮೂರು ವರ್ಷದ ಹಿರಿಯ ಮಗನನ್ನು ಜೊತೆಗೆ ಕರೆದುಕೊಂಡು ಬಂದು, ಗಂಡನ ಹೆಸರಿನ ಪದಕವನ್ನೂ ಪ್ರಶಸ್ತಿಪತ್ರವನ್ನೂ ಸ್ವೀಕರಿಸಿದರು. ಅನಂತರ ಗಂಡನ ಸ್ವೀಕಾರ ಭಾಷಣವನ್ನು ಪೋಲಿಷ್ ಭಾಷೆಯಲ್ಲಿ, ಸ್ಪಷ್ಟವಾದ ದನಿಯಲ್ಲಿ, ಎಲ್ಲಿಯೂ ತಡವರಿಸದೆ ಓದಿದರು. ಅತ್ತ ಗ್ದಾನ್ಸ್ಕ್ ನಗರದಲ್ಲಿ ಲೇಖ್ ವಲೇಸಾ ರೇಡಿಯೋದ ಮುಂದೆ ಕುಳಿತು ತಮ್ಮ ಮಾತುಗಳನ್ನು ಹೆಂಡತಿಯ ಕಂಠದಲ್ಲಿ ಕೇಳುತ್ತಿದ್ದರು.

ಓದಿದವರು ದನೂತಾ ವಲೇಸಾ. ಏಳು ವರ್ಷಗಳ ಬಳಿಕ ಪೋಲೆಂಡಿನ ಅಧ್ಯಕ್ಷರ ಪತ್ನಿಯಾದವರು. ಅಂದು ಓಸ್ಲೋದಲ್ಲಿ ಆಕೆ ಆಡಿದ ಮಾತು ಗಂಡನದು. ತನ್ನದೇ ಮಾತನ್ನು ತನ್ನದೇ ಹೆಸರಿನಲ್ಲಿ ಆಡಲು ಆಕೆಗೆ ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ ಬೇಕಾಯಿತು. ಆ ಇಪ್ಪತ್ತೆಂಟು ವರ್ಷಗಳ ಮತ್ತು ಅದಕ್ಕೂ ಹಿಂದಿನ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ಪೋಲಿಷರು ಈ ಮನೆತನದ ಹೆಸರನ್ನು ‘ವವೆನ್ಸಾ’ ಎಂಬಂತೆ ಉಚ್ಚರಿಸುತ್ತಾರೆ. ನಮ್ಮ ಪತ್ರಿಕೆಗಳು ಇಂಗ್ಲಿಷ್ ಅಕ್ಷರಗಳನ್ನು ನೋಡಿ ‘ವಲೇಸಾ’ ಎಂದು ಬರೆದವು. ನಮಗೆ ಅದೇ ರೂಢಿಯಾಯಿತು. ನಾನೂ ರೂಢಿಯನ್ನೇ ಅನುಸರಿಸಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ವರ್ಷಗಳಲ್ಲಿ ಪೋಲೆಂಡ್ ಎಂದರೆ 1939ರ ಸೆಪ್ಟೆಂಬರ್ 1, ಎರಡನೆಯ ಮಹಾಯುದ್ಧದ ಆರಂಭ, ಅಷ್ಟೇ. ಆ ಯುದ್ಧದ ಮೊದಲ ತೋಪುಗಳು ಮೊಳಗಿದ್ದು ಇದೇ ಗ್ದಾನ್ಸ್ಕ್ ಬಂದರಿನ ಬಾಯಲ್ಲಿ ಎಂಬುದನ್ನು ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಅದೇ ಊರಿನಲ್ಲಿ ನಲವತ್ತೊಂದು ವರ್ಷಗಳ ನಂತರ ಇನ್ನೊಂದು ಚರಿತ್ರೆ ಆರಂಭವಾಯಿತು; ಅದಕ್ಕೆ ಪಾಠದಲ್ಲಿ ಜಾಗವೇ ಇರಲಿಲ್ಲ.

ದನೂತಾ ಹುಟ್ಟಿದ್ದು 1949ರ ಫೆಬ್ರವರಿ 25ರಂದು, ಪೂರ್ವ ಪೋಲೆಂಡಿನ ವೆಂಗ್ರೂಫ್ ಪಟ್ಟಣದ ಬಳಿಯ ಒಂದು ಕುಗ್ರಾಮದಲ್ಲಿ. ತವರಿನ ಹೆಸರು ಗೊವೊಷ್. ಸಣ್ಣ ಹಿಡುವಳಿಯ ರೈತ ಕುಟುಂಬ, ಮನೆ ತುಂಬ ಮಕ್ಕಳು. ದುಡಿಮೆಯನ್ನು ಬಿಟ್ಟರೆ ಅಲ್ಲಿ ಬೇರೆ ಭವಿಷ್ಯ ಕಾಣುತ್ತಿರಲಿಲ್ಲ. ಹತ್ತೊಂಬತ್ತರ ಹರೆಯದಲ್ಲಿ, 1968ರಲ್ಲಿ, ಆ ಹುಡುಗಿ ಹಳ್ಳಿಯನ್ನು ಬಿಟ್ಟು ಬಾಲ್ಟಿಕ್ ಸಮುದ್ರತೀರದ ಗ್ದಾನ್ಸ್ಕ್ ನಗರವನ್ನು ಸೇರಿದಳು. ಯುದ್ಧಾನಂತರದ ಪೋಲೆಂಡಿನಲ್ಲಿ ಲಕ್ಷಾಂತರ ಹಳ್ಳಿಯ ಮಕ್ಕಳು ಹೀಗೆಯೇ ಕಾರ್ಖಾನೆಗಳ ಊರುಗಳಿಗೆ ಬಂದರು. ಈಕೆಗೆ ಸಿಕ್ಕಿದ್ದು ಒಂದು ಹೂವಿನ ಅಂಗಡಿಯ ಕೆಲಸ.

ಆ ಅಂಗಡಿಗೆ ಒಂದು ದಿನ ಚಿಲ್ಲರೆ ಕೇಳಿಕೊಂಡು ಬಂದ ತರುಣ ಲೇಖ್ ವಲೇಸಾ. ಊರಿನ ಲೆನಿನ್ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್. ಅವನೂ ಹಳ್ಳಿಯಿಂದ ಬಂದವನೇ. ಪರಿಚಯ ಬೆಳೆಯಿತು. 1969ರ ನವೆಂಬರ್ 8ರಂದು ಮದುವೆಯಾಯಿತು. ಹುಡುಗಿಗೆ ಹೆತ್ತವರು ಇಟ್ಟಿದ್ದ ಹೆಸರು ಮಿರೊಸ್ವಾವಾ ದನೂತಾ. ತವರಿನಲ್ಲಿ ಎಲ್ಲರೂ ಮಿರ್ಕಾ ಎಂದು ಕರೆಯುತ್ತಿದ್ದರು. ಲೇಖ್‌ಗೆ ಎರಡನೆಯ ಹೆಸರೇ ಹಿಡಿಸಿತು. ಅಂದಿನಿಂದ ಮಿರ್ಕಾ ದನೂತಾ ಆದಳು, ಜಗತ್ತಿಗೂ ದನೂತಾಳಾಗಿಯೇ ಪರಿಚಿತಳಾದಳು. ನಮ್ಮಲ್ಲಿಯೂ ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಸೊಸೆಯ ಹೊಸ ಹೆಸರನ್ನು ಬರೆಸುವ ಪದ್ಧತಿ ಇತ್ತಷ್ಟೆ. ಅದನ್ನು ಕಂಡವರಿಗೆ ಇದು ಹೊಸದೆನಿಸಲಾರದು.

ಮೊದಲ ಮಗು ಬೊಗ್ದಾನ್ ಹುಟ್ಟಿದ್ದು 1970ರಲ್ಲಿ. ಅದೇ ವರ್ಷದ ಡಿಸೆಂಬರ್ 12ರಂದು, ಕ್ರಿಸ್‌ಮಸ್‌ಗೆ ಎರಡು ವಾರವೂ ಇಲ್ಲದಿರುವಾಗ, ಸರ್ಕಾರ ಆಹಾರ ಪದಾರ್ಥಗಳ ಬೆಲೆಯನ್ನು ಏರಿಸಿತು. ಹಡಗುಕಟ್ಟೆಯ ಕಾರ್ಮಿಕರು ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿತು. ಕರಾವಳಿಯ ಊರುಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಲೇಖ್ ಆ ಮುಷ್ಕರದ ಸಮಿತಿಯಲ್ಲಿದ್ದರು. ಹಸುಗೂಸಿನೊಡನೆ ಮನೆಯಲ್ಲಿದ್ದ ಹೆಂಡತಿಗೆ ಗಂಡ ಬದುಕಿ ಬರುವನೋ ಇಲ್ಲವೋ ಎಂಬ ಕಾಯುವಿಕೆಯ ಮೊದಲ ಪಾಠವಾದದ್ದು ಆಗಲೇ. ಮುಂದೆ ಸುಮಾರು ಹತ್ತೊಂಬತ್ತು ವರ್ಷ ಆ ಪಾಠ ಮುಗಿಯಲಿಲ್ಲ.

ಸ್ತೊಗಿ ಎಂಬ ಬಡಾವಣೆಯಲ್ಲಿ ಎರಡು ಕೋಣೆಗಳ ಮನೆ. ಒಬ್ಬರ ಹಿಂದೆ ಒಬ್ಬರು ಮಕ್ಕಳು: ಸ್ವಾವೊಮಿರ್, ಪ್ಶೆಮಿಸ್ವಾಫ್, ಯಾರೊಸ್ವಾಫ್, ಮಗ್ದಲೇನಾ. 1976ರಲ್ಲಿ ಲೇಖ್ ಅವರನ್ನು ಹಡಗುಕಟ್ಟೆಯ ಕೆಲಸದಿಂದ ತೆಗೆದರು. ಬೇರೆ ಕಡೆ ಸೇರಿದರೆ ಅಲ್ಲಿಂದಲೂ ತೆಗೆದರು. ಮತ್ತೊಂದೆಡೆಯೂ ಅದೇ ಆಯಿತು. ಸರ್ಕಾರದ ಹಿಡಿತವಿಲ್ಲದ ಸ್ವತಂತ್ರ ಕಾರ್ಮಿಕ ಸಂಘವನ್ನು ಕಟ್ಟುವ ಗುಪ್ತ ಪ್ರಯತ್ನದಲ್ಲಿ ಅವರು 1978ರಿಂದ ತೊಡಗಿಕೊಂಡಿದ್ದರು. ಕರಪತ್ರ ಹಂಚಿದರೆಂದು ಪೊಲೀಸರು ಹಿಡಿಯುವುದು, ಕಾನೂನು ಒಪ್ಪುವ 48 ಗಂಟೆಗಳ ಕಾಲ ಇಟ್ಟುಕೊಂಡು ಬಿಡುವುದು, ಮತ್ತೆ ಹಿಡಿಯುವುದು. ಇದು ನಿತ್ಯದ ವ್ಯವಹಾರವಾಗಿತ್ತು.

ಚರಿತ್ರೆಯ ಪುಸ್ತಕಗಳು ಈ ವರ್ಷಗಳನ್ನು ‘ಸಂಘಟನೆಯ ವರ್ಷಗಳು’ ಎಂದು ಒಂದೇ ಸಾಲಿನಲ್ಲಿ ದಾಟುತ್ತವೆ. ಆ ಮನೆಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಸಂಬಳ ನಿಂತ ತಿಂಗಳು ಐದು ಮಕ್ಕಳ ಹೊಟ್ಟೆಗೇನು? ಪೋಲೆಂಡಿನಲ್ಲಿ ಸಕ್ಕರೆಗೆ 1976ರಿಂದಲೇ ಪಡಿತರ ಚೀಟಿ ಬಂದಿತ್ತು. 1981ರ ಏಪ್ರಿಲ್‌ನಲ್ಲಿ ಮಾಂಸಕ್ಕೂ ಬಂತು. ಅಂಗಡಿಯ ಮುಂದೆ ಗಂಟೆಗಟ್ಟಲೆ ಸಾಲು. ಆ ಸಾಲಿನಲ್ಲಿ ನಿಂತವರು ಬಹುಪಾಲು ಹೆಂಗಸರು. ಅಲ್ಲಿ ನಿಂತದ್ದೂ ಚಳವಳಿಯ ಒಂದು ಭಾಗವೇ ಎಂದು ಯಾರಿಗೂ ತೋರಲಿಲ್ಲ. ಹೋರಾಟಗಾರನ ಮನೆಯ ಒಲೆ ಉರಿಯುತ್ತಿರಬೇಕು, ಮಕ್ಕಳಿಗೆ ಜ್ವರ ಬಂದರೆ ನೋಡಿಕೊಳ್ಳುವವರಿರಬೇಕು. ಅದನ್ನು ಯಾರೋ ಮಾಡಿಯೇ ಮಾಡುತ್ತಾರೆ ಎಂಬ ಧೈರ್ಯದಿಂದಲ್ಲವೇ ಗಂಡಸರು ಜೈಲಿಗೆ ಹೋಗುವುದು? ನಮ್ಮ ಸ್ವಾತಂತ್ರ್ಯ ಹೋರಾಟಗಾರರ ಮನೆಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅದನ್ನು ಬರೆದವರು ಮಾತ್ರ ಕಡಿಮೆ.

1980ರ ಬೇಸಿಗೆ. ಆರನೆಯ ಮಗು ಅನ್ನಾ ಹುಟ್ಟುವ ಹೊತ್ತಿನಲ್ಲಿಯೇ ಪೊಲೀಸರು ಲೇಖ್ ಅವರನ್ನು ಮತ್ತೊಮ್ಮೆ ಕರೆದೊಯ್ದರು. ಅದಾದ ಕೆಲವೇ ದಿನಗಳಲ್ಲಿ, ಆಗಸ್ಟ್ 14ರ ಬೆಳಗ್ಗೆ, ಹಡಗುಕಟ್ಟೆಯಲ್ಲಿ ಮುಷ್ಕರ ಆರಂಭವಾಯಿತು. ಕಾರಣ ಒಬ್ಬ ಹೆಂಗಸು: ಕ್ರೇನ್ ನಡೆಸುತ್ತಿದ್ದ ಅನ್ನಾ ವಲೆಂತಿನೊವಿಚ್ ಅವರನ್ನು, ನಿವೃತ್ತಿಗೆ ಕೆಲವೇ ತಿಂಗಳು ಇರುವಾಗ, ಕೆಲಸದಿಂದ ವಜಾ ಮಾಡಲಾಗಿತ್ತು. ಬಾಣಂತಿಯನ್ನು ಮನೆಯಲ್ಲಿ ಬಿಟ್ಟು ಲೇಖ್ ಹಡಗುಕಟ್ಟೆಗೆ ಧಾವಿಸಿ ಮುಷ್ಕರದ ನಾಯಕರಾದರು. ಎರಡು ದಿನಗಳ ನಂತರ, ತಮ್ಮ ಹಡಗುಕಟ್ಟೆಯ ಬೇಡಿಕೆಗಳು ಈಡೇರಿದವೆಂದು ಅವರು ಮುಷ್ಕರ ಮುಗಿಯಿತೆಂದು ಸಾರಿದಾಗ, ಉಳಿದ ಕಾರ್ಖಾನೆಗಳವರ ಗತಿಯೇನು ಎಂದು ತಡೆದು, ಮನೆಗೆ ಹೊರಟಿದ್ದ ಕಾರ್ಮಿಕರನ್ನು ಗೇಟಿನಲ್ಲಿಯೇ ನಿಲ್ಲಿಸಿದವರು ಅನ್ನಾ ವಲೆಂತಿನೊವಿಚ್, ದಾದಿ ಅಲೀನಾ ಪಿಯೆಂಕೊವ್‌ಸ್ಕಾ, ಟ್ರಾಮ್ ಚಾಲಕಿ ಹೆನ್ರಿಕಾ ಕ್ಶಿವೊನೊಸ್. ಈ ಹೆಂಗಸರಿಲ್ಲದಿದ್ದರೆ ‘ಸಾಲಿಡಾರಿಟಿ’ ಎಂಬ ಮಹಾ ಸಂಘಟನೆ ಆ ಶನಿವಾರವೇ ಮುಗಿದುಹೋಗುತ್ತಿತ್ತು. ಆದರೂ ಅದೇ ದಿನಗಳಲ್ಲಿ ಹಡಗುಕಟ್ಟೆಯ ಗೋಡೆಯ ಮೇಲೆ, ಹೆಂಗಸರೇ ನಮಗೆ ತೊಂದರೆ ಕೊಡಬೇಡಿ, ನಾವು ಪೋಲೆಂಡಿಗಾಗಿ ಹೋರಾಡುತ್ತಿದ್ದೇವೆ ಎಂಬ ಅರ್ಥದ ಬರಹ ಕಾಣಿಸಿಕೊಂಡಿತ್ತು. ಬರೆದ ಪುಣ್ಯಾತ್ಮ ಯಾರೋ!

ಆಗಸ್ಟ್ 31ರಂದು ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ಕಮ್ಯುನಿಸ್ಟ್ ಆಡಳಿತದ ದೇಶವೊಂದರಲ್ಲಿ ಸ್ವತಂತ್ರ ಕಾರ್ಮಿಕ ಸಂಘಕ್ಕೆ ಮೊದಲ ಬಾರಿ ಮಾನ್ಯತೆ ದೊರೆಯಿತು. ಸದಸ್ಯರ ಸಂಖ್ಯೆ ಒಂದು ಕೋಟಿಯನ್ನು ಸಮೀಪಿಸಿತು. ಪೋಲೆಂಡ್ ಹಬ್ಬ ಮಾಡಿತು. ದನೂತಾ ಮಾತ್ರ ಬಹುಕಾಲದ ಅನಂತರ ಆ ಆಗಸ್ಟ್ ತಿಂಗಳನ್ನು ನೆನೆದು, ತಮ್ಮ ಸಂಸಾರವೆಂಬುದು ಅಲ್ಲಿಗೇ ಮುಗಿಯಿತು ಎಂಬರ್ಥದ ಮಾತನ್ನು ಹೇಳಿದರು. ಗಂಡ ಅಂದಿನಿಂದ ಎಲ್ಲರವನಾದ.

ನಾಯಕರ ಕುಟುಂಬಕ್ಕೆ ಜಾಸ್ಪಾ ಬಡಾವಣೆಯಲ್ಲಿ ದೊಡ್ಡ ಮನೆ ಸಿಕ್ಕಿತು. ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ಎದ್ದ ಕಾಂಕ್ರೀಟು ಬಹುಮಹಡಿಗಳ ಬಡಾವಣೆ ಅದು; ಅವರ ಬೀದಿಯ ಹೆಸರೇ ‘ವಿಮಾನ ಚಾಲಕರ ಬೀದಿ’. ಕೋಣೆಗಳು ಹೆಚ್ಚಾದರೂ ಮನೆಯವರಿಗೆ ಜಾಗ ಹೆಚ್ಚಲಿಲ್ಲ. ಬೆಳಗಿನಿಂದ ನಡುರಾತ್ರಿಯವರೆಗೆ ಸಲಹೆಗಾರರು, ಅಹವಾಲು ಹೊತ್ತವರು, ವಿದೇಶಿ ಪತ್ರಕರ್ತರು, ಕ್ಯಾಮೆರಾಗಳು. ಬಂದವರಿಗೆಲ್ಲ ಚಹಾ ಮಾಡಿಕೊಡುವುದು, ಆರು ಮಕ್ಕಳ ಬಟ್ಟೆ ಒಗೆಯುವುದು, ಹೊಗೆ ತುಂಬಿದ ಕೋಣೆಯ ಕಿಟಕಿ ತೆರೆಯುವುದು ಎಲ್ಲವೂ ದನೂತಾ ಅವರ ಪಾಲು. ಸಹನೆ ಕೆಟ್ಟಾಗ ಬಂದವರನ್ನು ಎದ್ದು ಹೋಗಿ ಎಂದು ಹೇಳುವ ಗಟ್ಟಿತನವೂ ಆಕೆಗಿತ್ತು. ಅದಿಲ್ಲದಿದ್ದರೆ ಮಕ್ಕಳು ನಿದ್ದೆ ಮಾಡುತ್ತಿರಲಿಲ್ಲ.

ಹದಿನಾರು ತಿಂಗಳಲ್ಲಿ ಆ ಗದ್ದಲ ಒಂದೇ ರಾತ್ರಿಗೆ ನಿಂತಿತು. 1981ರ ಡಿಸೆಂಬರ್ 12 ಮತ್ತು 13ರ ನಡುವಿನ ರಾತ್ರಿ ಜನರಲ್ ಯರುಜೆಲ್‌ಸ್ಕಿ ದೇಶದಲ್ಲಿ ಮಿಲಿಟರಿ ಕಾನೂನನ್ನು ಜಾರಿಗೊಳಿಸಿದರು. ದೂರವಾಣಿಗಳು ಸತ್ತವು. ಭಾನುವಾರ ಬೆಳಗ್ಗೆ ಮಕ್ಕಳ ಕಾರ್ಯಕ್ರಮಕ್ಕಾಗಿ ಟೆಲಿವಿಷನ್ ಹಾಕಿದ ಪೋಲಿಷ್ ಮಕ್ಕಳಿಗೆ ಕಪ್ಪು ಕನ್ನಡಕ ಧರಿಸಿದ ಸಮವಸ್ತ್ರದ ಜನರಲ್ ಕಾಣಿಸಿದರು. ಆ ಪೀಳಿಗೆಯವರು ಮಿಲಿಟರಿ ಕಾನೂನೆಂದರೆ ಮೊದಲು ನೆನೆಯುವುದು ಇದನ್ನೇ. ಆ ರಾತ್ರಿ ಜಾಸ್ಪಾದ ಮನೆಯ ಬಾಗಿಲನ್ನು ತಟ್ಟಿದವರು ಸಾಮಾನ್ಯ ಪೊಲೀಸರಷ್ಟೇ ಅಲ್ಲ. ಪಕ್ಷದ ಪ್ರಾಂತ್ಯ ಕಾರ್ಯದರ್ಶಿಯೂ ಪ್ರಾಂತ್ಯಾಧಿಕಾರಿಯೂ ಖುದ್ದಾಗಿ ಬಂದಿದ್ದರು. ಲೇಖ್ ಅವರನ್ನು ವಾರ್ಸಾಗೆ ಕರೆದೊಯ್ದರು. ದನೂತಾ ಆಗ ತುಂಬು ಗರ್ಭಿಣಿ. ಒಳಗೆ ಆರು ಮಕ್ಕಳು.

ಆ ಚಳಿಗಾಲದಲ್ಲಿ ಮತ್ತು ಮುಂದಿನ ತಿಂಗಳುಗಳಲ್ಲಿ ಸುಮಾರು ಹತ್ತು ಸಾವಿರ ಜನರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟರು. ನಮ್ಮಲ್ಲಿ 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯನ್ನು ಕಂಡ ನನ್ನ ವಯಸ್ಸಿನವರಿಗೆ ‘ವಿಚಾರಣೆಯಿಲ್ಲದ ಬಂಧನ’ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೇಖ್ ಅವರನ್ನು ಮೊದಲು ವಾರ್ಸಾದ ಸುತ್ತಮುತ್ತ, 1982ರ ಮೇ ತಿಂಗಳಿಂದ ದೇಶದ ಆಗ್ನೇಯ ಮೂಲೆಯ ಅರ್ವಾಮೂಫ್ ಎಂಬಲ್ಲಿ, ಸೋವಿಯತ್ ಗಡಿಯ ಹತ್ತಿರದ ಕಾಡಿನೊಳಗಿನ ಸರ್ಕಾರಿ ಬೇಟೆಯ ಬಂಗಲೆಯಲ್ಲಿ ಇರಿಸಿದ್ದರು. ಗ್ದಾನ್ಸ್ಕ್ ಇರುವುದು ಉತ್ತರದ ಕಡಲ ತೀರದಲ್ಲಿ. ಗಂಡನನ್ನು ನೋಡಬೇಕಾದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ. ದನೂತಾ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಂದರು. ಜಗತ್ತಿನ ಪತ್ರಕರ್ತರಿಗೆ ವಲೇಸಾ ಹೇಗಿದ್ದಾರೆ, ಏನೆನ್ನುತ್ತಾರೆ ಎಂಬುದು ತಿಳಿಯುತ್ತಿದ್ದುದು ಹೆಚ್ಚಾಗಿ ಆಕೆಯ ಬಾಯಿಂದಲೇ. ಶಾಲೆಯಲ್ಲಿ ಹೆಚ್ಚು ಕಲಿಯದ, ಸಭೆಯಲ್ಲಿ ಎದ್ದು ನಿಂತು ಅಭ್ಯಾಸವಿಲ್ಲದ ಆ ಹೆಂಗಸು ಒಂದು ಮಾತು ಹೆಚ್ಚಾದರೆ ಗಂಡನಿಗೆ ಕುತ್ತು, ಕಡಿಮೆಯಾದರೆ ಸಂಘಟನೆಗೆ ನಿರಾಸೆ ಎಂಬ ಇಕ್ಕಟ್ಟಿನಲ್ಲಿ ತಿಂಗಳುಗಟ್ಟಲೆ ಮಾತನಾಡಿದರು. ನನ್ನ ಮಟ್ಟಿಗೆ ಆಕೆಯ ಬದುಕಿನ ದೊಡ್ಡ ಅಧ್ಯಾಯ ಇದೇ. ಅರಮನೆಯ ಐದು ವರ್ಷಗಳಲ್ಲ.

ಏಳನೆಯ ಮಗು, ಮರಿಯಾ ವಿಕ್ತೋರಿಯಾ, ಹುಟ್ಟಿದ್ದು 1982ರ ಜನವರಿಯಲ್ಲಿ. ತಂದೆ ಸೆರೆಯಲ್ಲಿ. ಮಾರ್ಚ್‌ನಲ್ಲಿ ನಡೆದ ನಾಮಕರಣದ ದೀಕ್ಷೆಗೂ ಅವರನ್ನು ಬಿಡಲಿಲ್ಲ. ಆದರೆ ಅಂದು ಗ್ದಾನ್ಸ್ಕ್‌ನ ಆ ಚರ್ಚಿನ ಸುತ್ತ ಹತ್ತಾರು ಸಾವಿರ ಜನ ನೆರೆದರು. ಸಭೆ ಸೇರುವುದು ನಿಷಿದ್ಧವಾಗಿದ್ದ ದಿನಗಳಲ್ಲಿ ಒಂದು ಕೂಸಿನ ನಾಮಕರಣವೇ ಸಭೆಯಾಯಿತು. ‘ವಿಕ್ತೋರಿಯಾ’ ಎಂದರೆ ವಿಜಯ. ಹೆಸರಿನ ಇಂಗಿತ ಸರ್ಕಾರಕ್ಕೂ ತಿಳಿಯದೆ ಇರಲಿಲ್ಲ.

1982ರ ನವೆಂಬರ್ 14ರಂದು ಲೇಖ್ ಮನೆಗೆ ಮರಳಿದರು. 1983ರ ಅಕ್ಟೋಬರ್ 5ರಂದು ನೊಬೆಲ್ ಪಾರಿತೋಷಕದ ಸುದ್ದಿ ಬಂದಾಗ ಅವರು ಗೆಳೆಯರೊಡನೆ ಕಾಡಿನಲ್ಲಿ ಅಣಬೆ ಆರಿಸುತ್ತಿದ್ದರಂತೆ. ತಾವು ಓಸ್ಲೋಗೆ ಹೋದರೆ ಸರ್ಕಾರ ಮತ್ತೆ ದೇಶದೊಳಗೆ ಬಿಟ್ಟುಕೊಳ್ಳಲಾರದೆಂಬ ಆತಂಕ ಅವರಿಗಿತ್ತು. ಹಾಗಾಗಿ ಹೆಂಡತಿ ಹೊರಟರು. ಆರಂಭದಲ್ಲಿ ಹೇಳಿದ ಆ ಸಮಾರಂಭ ನಡೆಯಿತು. ಮರುದಿನದ ನೊಬೆಲ್ ಉಪನ್ಯಾಸವನ್ನು ದೇಶಭ್ರಷ್ಟ ಇತಿಹಾಸಕಾರ ಬೊಹ್ದಾನ್ ತ್ಸಿವಿನ್‌ಸ್ಕಿ ಓದಿದರು.

ಜಗತ್ತು ಕಂಡದ್ದು ಓಸ್ಲೋದ ದೀಪಗಳನ್ನು. ಮರಳಿ ಬಂದಾಗ ವಾರ್ಸಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಆಕೆಯನ್ನು ಪಕ್ಕಕ್ಕೆ ಕರೆದೊಯ್ದು ಬಟ್ಟೆ ಕಳಚಿಸಿ ಶೋಧಿಸಿದರು. ಎರಡು ದಿನಗಳ ಹಿಂದೆ ದೊರೆಯೊಬ್ಬರು ಎದ್ದು ನಿಂತು ಗೌರವಿಸಿದ ಹೆಂಗಸಿಗೆ ತಾಯ್ನೆಲದ ಹೊಸ್ತಿಲಲ್ಲಿ ಸಿಕ್ಕ ಸ್ವಾಗತ ಅದು. ಗಂಡನನ್ನು ಮುಟ್ಟಲಾಗದೆ ಹೋದಾಗ ಹೆಂಡತಿಯನ್ನು ಅವಮಾನಿಸುವುದು ಎಲ್ಲ ದಬ್ಬಾಳಿಕೆಯ ಸರ್ಕಾರಗಳಿಗೂ ಗೊತ್ತಿರುವ ಉಪಾಯವೇ. ನೊಬೆಲ್ ಪದಕವನ್ನು ದಂಪತಿಗಳು ಚೆನ್ಸ್ತೊಹೋವಾದ ಯಾಸ್ನಾ ಗೂರಾ ಮಠದ ಮಾತೆ ಮೇರಿಗೆ ಒಪ್ಪಿಸಿದರು.

1985ರಲ್ಲಿ ಎಂಟನೆಯ ಮತ್ತು ಕೊನೆಯ ಮಗು ಬ್ರಿಗೀದಾ ಹುಟ್ಟಿದಳು. 1987ರ ಜೂನ್‌ನಲ್ಲಿ ಪೋಲೆಂಡ್ ಮೂಲದ ಪೋಪ್ ಎರಡನೆಯ ಜಾನ್ ಪಾಲ್ ಅದೇ ಜಾಸ್ಪಾದ ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ, ವಲೇಸಾ ಅವರ ಮನೆಯ ಆಸುಪಾಸಿನಲ್ಲಿಯೇ, ಮಹಾಪೂಜೆ ನಡೆಸಿದರು. 1989ರಲ್ಲಿ ದುಂಡುಮೇಜಿನ ಮಾತುಕತೆ, ಜೂನ್ 4ರ ಚುನಾವಣೆ, ಕಮ್ಯುನಿಸ್ಟರ ಸೋಲು. ಇವೆಲ್ಲ ಎಲ್ಲರಿಗೂ ತಿಳಿದ ಸಂಗತಿಗಳು.

ಲೇಖ್ ಅಧ್ಯಕ್ಷ ಪದವಿಗೆ ನಿಲ್ಲುತ್ತೇನೆಂದಾಗ ದನೂತಾ ಬೇಡವೆಂದರು. ಆ ಮಾತು ನಡೆಯಲಿಲ್ಲ. 1990ರ ಡಿಸೆಂಬರ್ 9ರ ಎರಡನೆಯ ಸುತ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮತಗಳಿಂದ ಲೇಖ್ ಗೆದ್ದರು. ಅದಕ್ಕೆ ಮುಂಚೆ ಆ ಪದವಿಯಲ್ಲಿದ್ದವರು ಅವರನ್ನು ಸೆರೆಗೆ ಕಳುಹಿಸಿದ ಅದೇ ಯರುಜೆಲ್‌ಸ್ಕಿ! ಆದರೆ ಡಿಸೆಂಬರ್ 22ರ ಪದಗ್ರಹಣದಲ್ಲಿ ಅಧಿಕಾರದ ಲಾಂಛನಗಳನ್ನು ಹಸ್ತಾಂತರಿಸಿದವರು ಅವರಲ್ಲ. ಯುದ್ಧಕಾಲದಿಂದಲೂ ಲಂಡನ್‌ನಲ್ಲಿ ನಡೆದುಬಂದಿದ್ದ ದೇಶಾಂತರ ಸರ್ಕಾರದ ಕೊನೆಯ ಅಧ್ಯಕ್ಷ ಕಚೊರೊವ್‌ಸ್ಕಿ. ಹೂವಿನ ಅಂಗಡಿಯ ಹುಡುಗಿ ಈಗ, ಜನರೇ ನೇರವಾಗಿ ಆರಿಸಿದ ಪೋಲೆಂಡಿನ ಮೊದಲ ಅಧ್ಯಕ್ಷರ ಪತ್ನಿ.

ಪೋಲೆಂಡಿನ ಸಂವಿಧಾನದಲ್ಲಿ ಅಧ್ಯಕ್ಷರ ಪತ್ನಿಗೆ ಯಾವ ಸ್ಥಾನವೂ ಇಲ್ಲ. ಮಾದರಿಯೂ ಹೆಚ್ಚಿರಲಿಲ್ಲ. 1922ರಲ್ಲಿ ಆಯ್ಕೆಯಾದ ಮೊದಲ ಅಧ್ಯಕ್ಷ ನರುತೊವಿಚ್ ವಿಧುರರು. ಅಧಿಕಾರ ವಹಿಸಿಕೊಂಡ ಐದೇ ದಿನಗಳಲ್ಲಿ ಕೊಲೆಯಾದರು. ದನೂತಾ ಅವರ ನಂತರ ಬಂದ ಯೊಲಾಂತಾ ಕ್ವಾಶ್ನೆವ್‌ಸ್ಕಾ ಆ ಸ್ಥಾನಕ್ಕೆ ಸಾರ್ವಜನಿಕ ಕಳೆ ತಂದರು. ಮುಂದಿನ ಮರಿಯಾ ಕಚಿನ್‌ಸ್ಕಾ 2010ರ ಏಪ್ರಿಲ್ 10ರಂದು ಸ್ಮೊಲೆನ್ಸ್ಕ್ ವಿಮಾನ ಅಪಘಾತದಲ್ಲಿ ಪತಿಯೊಡನೆ ಮಡಿದರು. ಕ್ರೇನ್ ಚಾಲಕಿ ಅನ್ನಾ ವಲೆಂತಿನೊವಿಚ್ ಮತ್ತು ಹಿರಿಯ ಕಚೊರೊವ್‌ಸ್ಕಿ ಕೂಡ ಅದೇ ವಿಮಾನದಲ್ಲಿದ್ದರು. ದನೂತಾ ಆಯ್ದುಕೊಂಡದ್ದು ಬೇರೊಂದು ದಾರಿ. ಬೆಲ್ವೆಡೆರ್ ಅರಮನೆಗೆ ಸಂಸಾರ ಹೂಡಲು ಆಕೆ ಹೋಗಲಿಲ್ಲ. ಮಕ್ಕಳ ಶಾಲೆ ಗ್ದಾನ್ಸ್ಕ್‌ನಲ್ಲಿ; ತಾಯಿಯೂ ಅಲ್ಲಿಯೇ. 1991ರ ಏಪ್ರಿಲ್‌ನ ಬ್ರಿಟನ್ ಭೇಟಿಯಲ್ಲಿ ವಿಂಡ್ಸರ್ ಕೋಟೆಯ ಆತಿಥ್ಯದಂಥ ವಿಧ್ಯುಕ್ತ ಸಂದರ್ಭಗಳಿಗೆ ಬಂದು, ನಿಲ್ಲಬೇಕಾದಲ್ಲಿ ನಿಂತು, ಮನೆಗೆ ಮರಳುತ್ತಿದ್ದರು. ಗ್ದಾನ್ಸ್ಕ್‌ನಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದಕ್ಕೆ ಕೈಜೋಡಿಸಿದರು. ವಾರ್ಸಾದ ಪತ್ರಿಕೆಗಳು ಇದನ್ನು ಸಂಕೋಚವೆಂದೋ ಹಳ್ಳಿತನವೆಂದೋ ಭಾವಿಸಿರಬಹುದು. ನನಗೇನೋ ಇದರಲ್ಲಿ ಒಂದು ಹಟ ಕಾಣುತ್ತದೆ. ಕೇಳದೆ ಬಂದ ಪದವಿಗೆ ತನ್ನ ಮನೆಯನ್ನೂ ಒಪ್ಪಿಸಲಾರೆ ಎಂಬ ಹಟ.

1995ರ ಚುನಾವಣೆಯಲ್ಲಿ ಲೇಖ್ ಸ್ವಲ್ಪದರಲ್ಲೇ ಸೋತರು. 2000ದಲ್ಲಿ ಮತ್ತೆ ನಿಂತಾಗ ಸಿಕ್ಕಿದ್ದು ನೂರಕ್ಕೆ ಒಂದು ಮತ. ದೇಶ ಅವರನ್ನು ಮರೆತು ಮುಂದಕ್ಕೆ ಸಾಗಿತ್ತು.

2011ರ ಕೊನೆಯಲ್ಲಿ ಒಂದು ಪುಸ್ತಕ ಬಂತು. ‘ಕನಸುಗಳು ಮತ್ತು ಗುಟ್ಟುಗಳು’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ದನೂತಾ ಹೇಳಿದ್ದನ್ನು ಪತ್ರಕರ್ತ ಪಿಯೋತ್ರ್ ಅದಮೊವಿಚ್ ಬರಹಕ್ಕೆ ಇಳಿಸಿದ ಆತ್ಮಕಥೆ. ಚಳವಳಿಯ ಮತ್ತೊಂದು ನೆನಪಿನ ಪುಸ್ತಕವೆಂದುಕೊಂಡು ಕೊಂಡವರು ಬೆಚ್ಚಿದರು. ಅದರಲ್ಲಿ ಇದ್ದದ್ದು ಹೊರಗಿನ ಕೀರ್ತಿಗೆ ಒಳಗೆ ತೆತ್ತ ಬೆಲೆ. ಒಬ್ಬಳೇ ಬೆಳೆಸಿದ ಎಂಟು ಮಕ್ಕಳು, ಮಾತಿಗೆ ಸಿಗದ ಗಂಡ, ಮುಪ್ಪಿನಲ್ಲಿ ಮಹಡಿಯ ಮೇಲಿನ ಕಂಪ್ಯೂಟರಿನ ಮುಂದೆ ಕುಳಿತಿರುವ ಅದೇ ಗಂಡ, ಕೆಳಗೆ ಅಡಿಗೆಮನೆಯಲ್ಲಿ ಒಂಟಿಯಾದ ಹೆಂಡತಿ. ಬೈಗುಳವಿಲ್ಲ, ಗಂಡನ ಸಾಹಸವನ್ನು ಆಕೆ ಅಲ್ಲಗಳೆಯುವುದೂ ಇಲ್ಲ. ನಾನೂ ಅಲ್ಲಿದ್ದೆ ಎಂದಷ್ಟೇ ಹೇಳುತ್ತಾರೆ. ಪುಸ್ತಕ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಸಾಲುಗಳಲ್ಲಿ ನಿಂತು ವಯಸ್ಸಾದ ಆ ಪೀಳಿಗೆಯ ಪೋಲಿಷ್ ಹೆಂಗಸರು ಅದರಲ್ಲಿ ತಮ್ಮನ್ನೇ ಕಂಡರು.

ಲೇಖ್ ನೊಂದರು, ನೋವಾಯಿತೆಂದು ಬಹಿರಂಗವಾಗಿಯೇ ಹೇಳಿದರು. ಅವರ ಪರವಾಗಿ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಅಂಥ ಕಾಲದಲ್ಲಿ ಮನೆಯನ್ನು ನೋಡುತ್ತ ಕುಳಿತಿದ್ದರೆ ಆತ ವಲೇಸಾ ಆಗುತ್ತಿರಲಿಲ್ಲ. ಪೋಲೆಂಡಿನ ಬಿಡುಗಡೆಯೂ ಆ ರೀತಿಯಲ್ಲಿ, ರಕ್ತ ಹರಿಯದೆ, ಆಗುತ್ತಿತ್ತೋ ಇಲ್ಲವೋ. ಇದನ್ನು ದನೂತಾ ಬಲ್ಲರು. ಬಲ್ಲವರಾದ್ದರಿಂದಲೇ ಇಷ್ಟು ವರ್ಷ ಸುಮ್ಮನಿದ್ದರು. ಆದರೆ ತೆತ್ತ ಬೆಲೆಯನ್ನು ತೆತ್ತವರೇ ಹೇಳಬಾರದು ಎಂದರೆ ಹೇಗೆ? ‘ಗೆದ್ದವರ ಚರಿತ್ರೆ’ ಎಂಬ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಗೆದ್ದವರ ಮನೆಯೊಳಗೂ ಚರಿತ್ರೆಗೆ ಸೇರದವರಿರುತ್ತಾರೆ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಈಕೆಯ ಜೀವನ.

ಪುಸ್ತಕ ಬಂದ ಮೇಲೆ ಮನೆ ಮುರಿಯಿತೆಂದು ಕೆಲವರು ಎಣಿಸಿದ್ದರು. ಮುರಿಯಲಿಲ್ಲ. 2016ರ ಫೆಬ್ರವರಿಯಲ್ಲಿ, ಹಿಂದಿನ ಆಡಳಿತದ ಗೃಹಮಂತ್ರಿ ಜನರಲ್ ಕಿಶ್ಚಾಕ್ ಅವರ ವಿಧವೆಯ ಮನೆಯಿಂದ ಹಳೆಯ ಗುಪ್ತಚರ ಕಡತಗಳು ಹೊರಬಂದವು. 1970ರ ದಶಕದ ಆರಂಭದಲ್ಲಿ ವಲೇಸಾ ‘ಬೋಲೆಕ್’ ಎಂಬ ಗುಪ್ತನಾಮದಲ್ಲಿ ಪೊಲೀಸರಿಗೆ ಮಾಹಿತಿ ಕೊಟ್ಟಿದ್ದರೆಂದು ಅವುಗಳಲ್ಲಿತ್ತು. ಸರ್ಕಾರಿ ಸಂಸ್ಥೆ ನೇಮಿಸಿದ ಹಸ್ತಾಕ್ಷರ ತಜ್ಞರು 2017ರ ಜನವರಿಯಲ್ಲಿ ಅವು ನಿಜವಾದವೆಂದರು; ಲೇಖ್ ನಿರಾಕರಿಸುತ್ತಲೇ ಬಂದಿದ್ದಾರೆ. ಅದೇ ಜನವರಿಯಲ್ಲಿ ಮಗ ಪ್ಶೆಮಿಸ್ವಾಫ್ ತೀರಿಕೊಂಡರು. ಒಂದೇ ತಿಂಗಳಲ್ಲಿ ಗಂಡನ ಮಾನಕ್ಕೆ ಬಿದ್ದ ಪೆಟ್ಟು ಮತ್ತು ಮಗನ ಸಾವು. ಹೆತ್ತವಳ ಪಾಲಿಗೆ ಎರಡನೆಯದರ ಮುಂದೆ ಮೊದಲನೆಯದು ಎಷ್ಟರದು? 2019ರ ನವೆಂಬರ್‌ಗೆ ಅವರ ಮದುವೆಗೆ ಐವತ್ತು ವರ್ಷ ತುಂಬಿತು.

2013ರಲ್ಲಿ ಆಂದ್ಜೆಯ್ ವಾಯ್ದಾ ನಿರ್ದೇಶಿಸಿದ ವಲೇಸಾ ಕುರಿತ ಚಲನಚಿತ್ರ ಬಂತು. ಪೊಲೀಸರು ಹಿಡಿಯಬಹುದಾದ ಕೆಲಸಕ್ಕೆ ಹೊರಟಾಗಲೆಲ್ಲ ಗಂಡ ತನ್ನ ಕೈಗಡಿಯಾರವನ್ನೂ ಮದುವೆಯ ಉಂಗುರವನ್ನೂ ಬಿಚ್ಚಿ ಹೆಂಡತಿಯ ಕೈಗಿಡುತ್ತಾನೆ. ಮರಳದಿದ್ದರೆ ಮಾರಿಕೊಳ್ಳಲಿ ಎಂದು. ಚಿತ್ರದ ಉದ್ದಕ್ಕೂ ಮತ್ತೆ ಮತ್ತೆ ಬರುವ ದೃಶ್ಯ ಅದು. ಆದರೂ ಅಲ್ಲಿ ದನೂತಾ ಎಂದರೆ ಬಾಗಿಲಲ್ಲಿ ನಿಂತವಳೇ. ಅದಕ್ಕೂ ಒಂದು ವರ್ಷ ಮೊದಲು, 2012ರಲ್ಲಿ, ಆಕೆಯ ಪುಸ್ತಕವನ್ನು ಆಧರಿಸಿ ‘ದನೂತಾ ವ.’ ಎಂಬ ಏಕವ್ಯಕ್ತಿ ನಾಟಕವನ್ನು ಹೆಸರಾಂತ ನಟಿ ಕ್ರಿಸ್ತೀನಾ ಯಾಂದಾ ರಂಗಕ್ಕೆ ತಂದಿದ್ದರು. ಆ ನಾಟಕದಲ್ಲಿ ರಂಗದ ಮೇಲೆ ಗಂಡನಿಲ್ಲ. ಒಂದು ಅಡಿಗೆಮನೆ, ಅದರಲ್ಲಿ ಒಬ್ಬ ಹೆಂಗಸು. ತನ್ನ ಕಥೆಯನ್ನು ಹೇಳುತ್ತ ಹೇಳುತ್ತಲೇ ಆಕೆ ಸೇಬು ಹಾಕಿದ ಕೇಕನ್ನು ನಿಜವಾಗಿಯೂ ಬೇಯಿಸುತ್ತಾಳೆ; 1981ರ ಆ ರಾತ್ರಿಯ ಕಥೆ ಕೇಳುತ್ತ ಕುಳಿತ ಪ್ರೇಕ್ಷಕರಿಗೆ ಒಲೆಯಿಂದ ಕೇಕಿನ ಪರಿಮಳ ಬರುತ್ತಿರುತ್ತದೆ.